ನಟ್ಟನಡುವಿನ ಮಂಜು

ಕಾಟನ್‌ವುಡ್ ಬೆಂಡ್, ಮಿನೆಸೋಟಾ
ಆಗಸ್ಟ್ 19, 1984

ಐಲಿ ಮಗಳೇ,

ನಿನ್ನ ಅಮ್ಮನಿಗೆ ಡುಲೂತ್‌ಗೆ ಫೋನ್ ಮಾಡಿ ನಿನ್ನ ಹಡಗಿನ ವಿಳಾಸ ಕೇಳಿದೆ. "ಈಗ ನೆನಪಾಯ್ತಾ?" ಎಂದಳು. ಆದರೂ ಎರಡು ಸಲ ನಿಧಾನವಾಗಿ ಓದಿ ಬರೆಸಿದಳು. ಡೆಟ್ರಾಯಿಟ್ ನದಿಯಲ್ಲಿ ಅಂಚೆಯ ದೋಣಿಯೊಂದು ಓಡುತ್ತಿರುವ ಹಡಗಿನ ಪಕ್ಕಕ್ಕೇ ಬಂದು, ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಕಾಗದಗಳನ್ನು ಮೇಲಕ್ಕೆ ಕಳಿಸುತ್ತದಂತೆ. ಈ ಕಾಗದ ನೀರಿನ ಮೇಲೆ ಗಾಳಿಯಲ್ಲಿ ತೂಗಾಡುತ್ತ ನಿನ್ನ ಕೈ ಸೇರುವುದನ್ನೇ ಬೆಳಗಿನಿಂದ ಊಹಿಸಿಕೊಳ್ಳುತ್ತಿದ್ದೇನೆ.

ಕಾಲೇಜು ಇನ್ನೂ ತೆರೆದಿಲ್ಲ, ನಮ್ಮ ಫುಟ್‌ಬಾಲ್ ಹುಡುಗರು ಮಾತ್ರ ಬಂದಿದ್ದಾರೆ. ಬೆಳಿಗ್ಗೆ ನದಿಯಿಂದ ಎದ್ದ ಮಂಜು ಮೈದಾನದ ಮೇಲೆ ಬಂದು ಮಲಗಿಬಿಡುತ್ತದೆ. ಅದರೊಳಗಿಂದ ಈ ದೊಡ್ಡ ಮೈಯವರು ಒಬ್ಬೊಬ್ಬರಾಗಿ ಹೊರಬರುತ್ತಾರೆ, ಮಲಗಿದ್ದ ದನಗಳು ಎದ್ದು ಬಂದ ಹಾಗೆ. ಮೊದಲು ಉಸಿರು ಕೇಳಿಸುತ್ತದೆ, ಆಮೇಲೆ ಬೂಟು, ಕೊನೆಗೆ ಹುಡುಗ.

ಇದು ನನ್ನ ಎಷ್ಟನೆಯ ಊರೆಂದು ನಿನ್ನ ಅಮ್ಮನಿಗೆ ಗೊತ್ತಿರಬಹುದು, ನನಗಂತೂ ಲೆಕ್ಕ ತಪ್ಪಿದೆ. ತಂಡ ಸೋತರೆ ಹಿರಿಯ ಕೋಚ್ ಜೊತೆ ನಮ್ಮಂಥ ಸಹಾಯಕ ಕೋಚ್‌ಗಳನ್ನೂ ಮನೆಗೆ ಕಳಿಸುತ್ತಾರೆ. ಗೆದ್ದರೆ ಅವನು ಇನ್ನೊಂದು ದೊಡ್ಡ ಕಾಲೇಜಿಗೆ ಹೊರಡುತ್ತಾನೆ, ಆಗಲೂ ನಾವು ಗಂಟುಮೂಟೆ ಕಟ್ಟುತ್ತೇವೆ. ಎಲ್ಲ ಊರಲ್ಲೂ ನನ್ನ ಕೆಲಸ ಮಾತ್ರ ಅದೇ: ಮುಂದಿನ ಸಾಲಿನ ಐವರು. ಎದುರಾಳಿಗಳು ಮೇಲೆ ಬೀಳದಂತೆ, ಚೆಂಡನ್ನು ಕೈಯಲ್ಲಿ ಎಸೆಯುವವನಿಗೆ ಗೋಡೆಯಾಗಿ ನಿಲ್ಲುವವರು. ನಡುವಿನವನು ಚೆಂಡನ್ನು ಕಾಲ ಸಂದಿಯಿಂದ ಹಿಂದಕ್ಕೆ ಕೊಟ್ಟ ಮೇಲೆ ಈ ಐವರಲ್ಲಿ ಯಾರೂ ಅದನ್ನು ಕನಸಿನಲ್ಲೂ ಮುಟ್ಟುವುದಿಲ್ಲ. ಧ್ವನಿವರ್ಧಕದಲ್ಲಿ ಅವರ ಹೆಸರು ಬರುವುದು ತಪ್ಪು ಮಾಡಿದಾಗ ಮಾತ್ರ. ನನಗೆ ಅಂಥವರೇ ಸರಿ ಹೋಗುತ್ತಾರೆ.

ಈ ಸಲ ಹೊಸ ಪದ್ಧತಿ ಶುರು ಮಾಡಿದ್ದೇನೆ. ಹಳೆಯ ಆಟದ ಫಿಲಂ ಹಾಕಿ ನಾನು ಸುಮ್ಮನೆ ಕೂತಿರುತ್ತೇನೆ, ಪರದೆಯ ಮೇಲೆ ಏನು ನಡೆಯುತ್ತಿದೆಯೆಂದು ಅವರೇ ಹೇಳಬೇಕು. ನಡುವೆ ನಿಲ್ಲುವ ಡ್ವೇನ್ ಫೈಫರ್, ಸಕ್ಕರೆ ಬೀಟ್ ಬೆಳೆಯುವವರ ಮಗ, ನಿನ್ನೆ ಕೇಳಿದ: "ಎಲ್ಲಾ ನಾವೇ ಹೇಳೋದಾದ್ರೆ ಸಂಬಳ ಯಾರಿಗೆ ಕೋಚ್?" ಆದರೆ ಹೇಳಿ ಹೇಳಿ ಅವರ ಕಣ್ಣು ಚುರುಕಾಗಿದೆ. ಹಿರಿಯ ಕೋಚ್ ಲೈಲ್ ಬ್ರೆಕ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಹೋದ. ಸಂತೋಷವಾಗಿತ್ತು ಅವನಿಗೆ.

ನೀನು ಹೇಗಿದ್ದೀಯ? ನೀರು ಹೇಗಿದೆ?

ಇಂತಿ,
ಅಪ್ಪ


ಹಡಗು ಎಡ್ವಿನ್ ಹೋಲ್ಟ್, ಸುಪೀರಿಯರ್ ಸರೋವರ
ಸೆಪ್ಟೆಂಬರ್ 9, 1984

ಅಪ್ಪಾ,

ಕಾಗದ ಬಕೆಟ್ಟಿನಲ್ಲೇ ಬಂತು, ಒಂದು ಮೂಲೆ ಒದ್ದೆಯಾಗಿತ್ತು. ಅಡುಗೆಯವನು ಮೇಲೆಳೆದು, "ನಿಂಗೂ ಕಾಗದ ಬರೆಯೋರಿದ್ದಾರಾ?" ಎಂದ. ಇದ್ದಾರೆ ಎಂದೆ. ಹೇಳಿದ ಮೇಲೆ ನನಗೇ ವಿಚಿತ್ರವೆನಿಸಿತು.

ನೀರು ಚೆನ್ನಾಗಿದೆ. ನಾನೀಗ ಚುಕ್ಕಾಣಿ ಹಿಡಿಯುತ್ತೇನೆ. ಹೊಟ್ಟೆಯ ತುಂಬ ಕಬ್ಬಿಣದ ಅದಿರು ತುಂಬಿಕೊಂಡು ಹಡಗು ಎಷ್ಟು ನಿಧಾನ ಹೋಗುತ್ತದೆಂದರೆ, ದಡವೇ ತನ್ನಷ್ಟಕ್ಕೆ ಹಿಂದೆ ನಡೆದುಹೋಗುತ್ತಿದೆ ಅನ್ನಿಸುತ್ತದೆ. ಸಂಜೆ ನೀರಿಗೂ ಆಕಾಶಕ್ಕೂ ನಡುವಿನ ಗೆರೆ ಅಳಿಸಿಹೋಗುತ್ತದೆ. ಆಗ ನಾವು ಎರಡರ ಮಧ್ಯೆ ಎಲ್ಲೋ ನೇತಾಡುತ್ತಿರುತ್ತೇವೆ, ಎಂಜಿನ್ನಿನ ಗುನುಗು ಒಂದೇ.

ನೀನು ಊರೂರು ತಿರುಗಿಸಿದ್ದಕ್ಕೇ ನಾನು ಹೀಗಾದೆ ಎನ್ನುತ್ತಾಳೆ ಅಮ್ಮ. ಇರಬಹುದು. ಪ್ರತಿ ಹೊಸ ಶಾಲೆಯಲ್ಲೂ ನಾನು ಬಾಗಿಲ ಹತ್ತಿರದ ಬೆಂಚನ್ನೇ ಹಿಡಿಯುತ್ತಿದ್ದೆ. ಅಮ್ಮ ಕೊನೆಗೊಂದು ದಿನ ಪೆಟ್ಟಿಗೆ ಬಿಚ್ಚುವುದಿಲ್ಲವೆಂದು ಕೂತುಬಿಟ್ಟಳಲ್ಲ, ಆ ದಿನ ನೀನು ಪ್ರಾಕ್ಟೀಸಿಗೆ ಹೋಗಿದ್ದೆ. ನಾವಿಬ್ಬರೂ ಪೆಟ್ಟಿಗೆಗಳ ಮೇಲೆ ಕೂತು ಸೂಪು ಕುಡಿದೆವು. ಅದನ್ನು ಯಾಕೆ ಬರೆದೆನೋ. ಈಗ ನನಗೆ ಅಲುಗಾಡದ ಮನೆಯಲ್ಲಿ ನಿದ್ದೆ ಬರುವುದಿಲ್ಲ.

ಒಂದು ಮಾತು ಕೇಳುತ್ತೇನೆ. ನಿನ್ನ ಅಕ್ಷರ ಇಷ್ಟು ದೊಡ್ಡದು ಯಾವಾಗಿನಿಂದ? ದಪ್ಪ ಪೆನ್ನು, ಒಂದೊಂದು ಪುಟಕ್ಕೆ ಕೆಲವೇ ಸಾಲು. ಆ ಸಾಲುಗಳೂ ಓರೆಯಾಗಿ ಹತ್ತಿ ಅಂಚಿನಿಂದ ಹೊರಗೆ ಬಿದ್ದಿವೆ. ಫಿಲಂ ನೋಡುವುದೆಂದರೆ ನಿನಗೆ ಊಟಕ್ಕಿಂತ ಹೆಚ್ಚಾಗಿತ್ತು. ಈಗ ಬೇರೆಯವರ ಕೈಯಲ್ಲಿ ಹೇಳಿಸುತ್ತೀಯ.

ನಿನ್ನ ಕಣ್ಣಿಗೆ ಏನಾಗಿದೆ?

ಐಲಿ


ಕಾಟನ್‌ವುಡ್ ಬೆಂಡ್
ಸೆಪ್ಟೆಂಬರ್ 23, 1984

ಐಲಿ,

ನೀನು ನಿನ್ನ ಅಮ್ಮನ ಮಗಳೇ ಸರಿ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಗೋಡೆಯ ಗಡಿಯಾರ ನೋಡಿದೆ. ಸುತ್ತಲೂ ಅಂಕಿಗಳಿದ್ದವು, ಮುಳ್ಳುಗಳಿರಲಿಲ್ಲ. ಗಡಿಯಾರ ಕೆಟ್ಟಿದೆ ಎಂದುಕೊಂಡು ಕಾಫಿ ಕುಡಿದೆ. ಆಮೇಲೆ ಕನ್ನಡಿ ನೋಡಿದರೆ ಅಲ್ಲಿಯೂ ಹಾಗೆಯೇ, ಕಿವಿಗಳಿವೆ, ಕೂದಲಿದೆ, ಮುಖವಿಲ್ಲ. ಫಾರ್ಗೋದ ಕಣ್ಣಿನ ಡಾಕ್ಟರು, ಒಳ್ಳೆಯ ಹೆಂಗಸು, ಮುಚ್ಚಿಡಲಿಲ್ಲ. "ಪೂರ್ತಿ ಕುರುಡಾಗಲ್ಲ ನೀವು. ಅಂಚು ಉಳಿಯುತ್ತೆ, ನಡು ಹೋಗುತ್ತೆ" ಎಂದರು. ಔಷಧಿಯಿಲ್ಲವಂತೆ.

ಹೇಗಿರುತ್ತದೆ ಎಂದರೆ, ನಾನು ಯಾವುದನ್ನು ನೇರವಾಗಿ ನೋಡುತ್ತೇನೋ ಅದು ಮಂಜಾಗುತ್ತದೆ. ಪಕ್ಕಕ್ಕೆ ನೋಡಿದರೆ ಅದೇ ಮೆಲ್ಲಗೆ ಮೂಲೆಯಿಂದ ಇಣುಕುತ್ತದೆ, ಹಿಡಿಯಲು ಹೋದರೆ ಮತ್ತೆ ಕರಗುತ್ತದೆ. ಸಾಲಿನ ಎರಡು ತುದಿಯವರು ನನಗೆ ಕಾಣುತ್ತಾರೆ, ನಡುವಿನ ಡ್ವೇನ್ ಇರುವುದಿಲ್ಲ. ಹೊಗೆಯೊಳಗಿಂದ ಚೆಂಡು ಹೊರಟು ಬರುತ್ತದೆ.

ಆದರೆ ಕೇಳು. ಐವರೂ ಒಟ್ಟಿಗೆ ಮೊದಲ ಹೆಜ್ಜೆ ಇಟ್ಟರೆ ಅದಕ್ಕೊಂದು ಶಬ್ದವಿದೆ, ಒದ್ದೆ ನೆಲದ ಮೇಲೆ ಭಾರದ ಬಾಗಿಲು ಮುಚ್ಚಿದ ಹಾಗೆ. ಒಬ್ಬ ತಡ ಮಾಡಿದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ. "ಥರ್ಮನ್, ನಿದ್ದೆ ಮಾಡ್ತಿದ್ದೀಯಾ?" ಎನ್ನುತ್ತೇನೆ. ಎಡತುದಿಯ ಥರ್ಮನ್ ಪ್ರೂಯಿಟ್, ಮಿಲ್ವಾಕಿಯವನು, ನಾನು ಬೆನ್ನು ಹಾಕಿ ನಿಂತಿದ್ದಾಗಲೂ ಕಂಡುಹಿಡಿದೆನೆಂದು ದಂಗಾಗುತ್ತಾನೆ. "ಈ ಮುದುಕನ ಬೆನ್ನಲ್ಲೂ ಕಣ್ಣಿದೆ ಕಣೋ" ಎಂದು ಅವರಲ್ಲೇ ಹೇಳಿಕೊಳ್ಳುತ್ತಾರೆ. ನಾನು ತಿದ್ದುವುದಿಲ್ಲ.

ಕನಸಿನಲ್ಲಿ ಮಾತ್ರ ಎಲ್ಲ ನಿಚ್ಚಳ. ನಮ್ಮಪ್ಪ ಗಣಿಯಿಂದ ಕೆಂಪು ಧೂಳು ಮೆತ್ತಿಕೊಂಡು ಬಂದು ಹಬೆಸ್ನಾನದ ಸೌನಾ ಬಾಗಿಲಲ್ಲಿ ನಿಲ್ಲುತ್ತಾನೆ, ಅವನ ಒಂದೊಂದು ರೆಪ್ಪೆಗೂದಲೂ ಕಾಣುತ್ತದೆ. ನೀನೂ ಬರುತ್ತೀಯ, ಮುಂದಿನ ಹಲ್ಲು ಬಿದ್ದ ವಯಸ್ಸಿನವಳು. ಬೆಳಕು ಹರಿಯುತ್ತಿದ್ದಂತೆ ಏಳಲು ಮನಸ್ಸಾಗುವುದಿಲ್ಲ.

ಕಣ್ಣಿನ ವಿಷಯ ಯಾರಿಗೂ ಹೇಳಬೇಡ, ನಿನ್ನ ಅಮ್ಮನಿಗೂ. ಪಶ್ಚಿಮದ ದೊಡ್ಡ ವಿಶ್ವವಿದ್ಯಾಲಯವೊಂದು ಲೈಲ್‌ನನ್ನು ಕರೆಯುತ್ತಿದೆ. "ಟೋಯಿವೋ ರಾವ್ತಿಯೋ ಜೊತೆಗೆ ಬರೋದಾದ್ರೆ ಮಾತ್ರ ಬರ್ತೀನಿ ಅಂದಿದ್ದೀನಿ" ಎಂದ ಅವನು, ನನ್ನ ಹೆಸರು ಹಿಡಿದು. ಊರಿಗೂರೇ ಬಂದು ಕೂರುವಂಥ ಮೈದಾನ, ಐಲಿ. ಇಷ್ಟು ವರ್ಷ ಬಯಲುಸೀಮೆಯ ಗಾಳಿಯಲ್ಲಿ ಬೇರೆಯವರ ಬೆನ್ನು ನೋಡುತ್ತ ನಿಂತವನಿಗೆ ಅಂಥದೊಂದು ಕಡೆ ಒಂದೇ ಸೀಸನ್ನಾದರೂ ನಿಲ್ಲುವ ಆಸೆ. ನಾನು ಇದನ್ನು ಇದುವರೆಗೆ ಯಾರ ಹತ್ತಿರವೂ ಹೇಳಿಲ್ಲ.

ಅಪ್ಪ


ಎಡ್ವಿನ್ ಹೋಲ್ಟ್, ಹ್ಯೂರಾನ್ ಸರೋವರ
ಅಕ್ಟೋಬರ್ 7, 1984

ಅಪ್ಪಾ,

ನಿನ್ನ ಕಾಗದ ಬಂದ ದಿನದಿಂದ ಇಲ್ಲಿ ದಟ್ಟ ಮಂಜು. ಹಡಗಿನ ಮೂತಿ ನಮಗೇ ಕಾಣುತ್ತಿಲ್ಲ. ಹೀಗಾದಾಗ ನಮ್ಮ ಕ್ಯಾಪ್ಟನ್ ವೇಗ ಇಳಿಸಿ ಮತ್ತೆ ಮತ್ತೆ ಹಡಗಿನ ಹಾರ್ನ್ ಕೂಗಿಸುತ್ತಾನೆ. ನಾನು ಹೊಸದರಲ್ಲಿ ಕೇಳಿದ್ದೆ, ಕೂಗಿದರೆ ನಮಗೆ ದಾರಿ ಕಾಣುತ್ತದೆಯೇ ಎಂದು. ಅವನು ಹೇಳಿದ: "ಕೂಗೋದು ನಮಗಲ್ಲಮ್ಮ. ನಮಗೆ ಕಾಣ್ತಿಲ್ಲ ಅಂತ ಬೇರೆಯವರಿಗೆ ಗೊತ್ತಾಗಲಿ ಅಂತ."

ನೀನು ಲೈಲ್‌ಗೆ ಹೇಳಲೇಬೇಕು. ಸೀಸನ್ ಮುಗಿದ ಮೇಲಲ್ಲ.

ನಿನಗೆ ಆ ದೊಡ್ಡ ಮೈದಾನ ಸಿಗಲಿ ಎಂದು ನನಗೂ ಆಸೆಯಿದೆ. ನೀನು ನನ್ನ ಹತ್ತಿರ ಏನನ್ನಾದರೂ ಬೇಕು ಎಂದು ಹೇಳಿದ್ದು ಇದೇ ಮೊದಲು. ಅದಕ್ಕೇ ಈ ಕಾಗದ ಬರೆಯುವುದು ಕಷ್ಟವಾಯಿತು.

ಐಲಿ


ಫಾರ್ಗೋ, ಆಸ್ಪತ್ರೆ
ಅಕ್ಟೋಬರ್ 28, 1984

ಐಲಿ,

ನಿನ್ನ ಕಾಗದ ಕೋಟಿನ ಜೇಬಿನಲ್ಲೇ ಇತ್ತು. ಶನಿವಾರದ ಆಟ ಮುಗಿಯಲಿ, ಹೇಳುತ್ತೇನೆ ಎಂದುಕೊಂಡಿದ್ದೆ. ಅದರ ಮುಂದಿನ ಶನಿವಾರಕ್ಕೂ ಹಾಗೆಯೇ ಅಂದುಕೊಂಡೆ.

ಈಗ ಸಕ್ಕರೆ ಬೀಟ್ ಕೊಯ್ಲಿನ ಕಾಲ. ಸಕ್ಕರೆ ಕಾರ್ಖಾನೆಯ ಹೊಗೆ, ಸಿಹಿಯೂ ಕೊಳೆತದ್ದೂ ಒಟ್ಟಿಗೆ ಸೇರಿದ ವಾಸನೆ, ಊರಿನ ಮೇಲೆ ಕಂಬಳಿಯಂತೆ ಹೊದ್ದುಕೊಂಡಿತ್ತು. ಪ್ರಾಕ್ಟೀಸಿನಲ್ಲಿ ಥರ್ಮನ್ ತಲೆಗೆ ಏಟು ಬಿತ್ತು. ಎದ್ದ, ನನ್ನ ಮುಂದೆ ಬಂದು ನಿಂತ. ಇಂಥ ಹೊತ್ತಿನಲ್ಲಿ ಹುಡುಗರು ಏನು ಹೇಳುತ್ತಾರೆ ಎನ್ನುವುದನ್ನು ನಾನು ಎಂದೂ ನಂಬಿದವನಲ್ಲ. ಕಣ್ಣು ನೋಡುತ್ತಿದ್ದೆ. ಎಷ್ಟೋ ಹುಡುಗರನ್ನು ಕಣ್ಣು ನೋಡಿಯೇ ಬೆಂಚಿಗೆ ಕಳಿಸಿದ್ದೇನೆ.

"ಹೇಗಿದ್ದೀಯ?"

"ಚೆನ್ನಾಗಿದ್ದೀನಿ ಕೋಚ್."

ಅವನ ಮುಖವಿರುವ ಕಡೆ ನೋಡಿದೆ. ಮಂಜು. ಪಕ್ಕಕ್ಕೆ ನೋಡಿದೆ, ಕಿವಿ ಕಂಡಿತು, ಶಿರಸ್ತ್ರಾಣದ ಪಟ್ಟಿ ಕಂಡಿತು. "ಸರಿ, ಹೋಗು" ಎಂದೆ.

ಸ್ವಲ್ಪ ಹೊತ್ತಿಗೆ ಬಾಗಿಲು ಸರಿಯಾಗಿ ಮುಚ್ಚಲಿಲ್ಲ. ನಾಲ್ವರ ಹೆಜ್ಜೆ ಕೇಳಿಸಿತು. ಥರ್ಮನ್ ನಿಂತಲ್ಲೇ ಮಂಡಿಯೂರಿ, ಆಮೇಲೆ ಹುಲ್ಲಿನ ಮೇಲೆ ಮೆಲ್ಲಗೆ ಮಲಗಿದನಂತೆ. ಡ್ವೇನ್ ಹೇಳಿದ ಮೇಲೆ ಗೊತ್ತಾಯಿತು ನನಗೆ.

ತಲೆಯೊಳಗೆ ರಕ್ತ ಕಟ್ಟಿತ್ತು. ಇಲ್ಲಿ ತಂದು ಆಪರೇಷನ್ ಮಾಡಿದರು. ಬದುಕುತ್ತಾನೆ. ಮಾತು ನಿಧಾನವಾಗಬಹುದು, ಆಟ ಇನ್ನಿಲ್ಲ ಎಂದಿದ್ದಾರೆ.

ಕಾರಿಡಾರಿನಲ್ಲಿ ಲೈಲ್‌ಗೆ ಎಲ್ಲ ಹೇಳಿದೆ.

"ಯಾವಾಗಿಂದ?"

"ಚಳಿಗಾಲದಿಂದ."

ಅವನು ಕಿಟಕಿಯ ಹತ್ತಿರ ಹೋಗಿ ನಿಂತ. "ನಾನು ನಿನ್ನ ಮೇಲೆ ಒಂದು ಸಲಾನೂ ಅನುಮಾನ ಪಟ್ಟಿಲ್ಲ ಟೋಯಿವೋ. ನಿನ್ನ ಹುಡುಗರನ್ನ ನೋಡ್ತಾನೇ ಇರ್ಲಿಲ್ಲ, ನೀನು ನೋಡ್ತೀಯ ಅಂತ." ಬೈದಿದ್ದರೆ ಚೆನ್ನಾಗಿತ್ತು. ನನ್ನ ಕಚೇರಿಯ ಕೀಲಿಗೊಂಚಲು ಕೊಟ್ಟೆ. ತೆಗೆದುಕೊಂಡ.

ಥರ್ಮನ್‌ನ ತಾಯಿ ಒಡೆಸ್ಸಾ ಮಿಲ್ವಾಕಿಯಿಂದ ಬಸ್ಸು ಹಿಡಿದು ಬಂದರು. ಮಗನ ಕೈ ಹಿಡಿದು ಕೂತಿದ್ದರು. ನಾನು ನಿಂತುಕೊಂಡೇ ಹೇಳಿದೆ, ನಿಮ್ಮ ಮಗನ ಕಣ್ಣು ನನಗೆ ಕಾಣಲಿಲ್ಲ, ಕಾಣುವುದಿಲ್ಲವೆಂದು ನಾನು ಯಾರಿಗೂ ಹೇಳಿರಲಿಲ್ಲ ಎಂದು. ಅವರು ಮಗನ ಹೊದಿಕೆ ಸರಿಮಾಡಿದರು.

"ಆಗಸ್ಟ್‌ನಲ್ಲಿ ಫೋನ್ ಮಾಡಿದ್ದ" ಎಂದರು ಆಮೇಲೆ. "ಅಮ್ಮಾ, ಈ ಕೋಚು ಮುಖ ನೋಡಿ ಮಾತಾಡಲ್ಲ, ಕಿವಿ ನೋಡಿ ಮಾತಾಡ್ತಾನೆ ಅಂದ. ನಾವಿಬ್ರೂ ಎಷ್ಟು ನಕ್ವಿ ಗೊತ್ತಾ."

ನಾನು ಬಾಯಿ ತೆರೆದೆ.

"ಕ್ಷಮಿಸಿ ಅನ್ಬೇಡಿ. ಅದು ನನ್ನ ಹತ್ರ ಇವತ್ತಿಲ್ಲ. ಯಾವತ್ತು ಇರುತ್ತೋ ಗೊತ್ತಿಲ್ಲ." ಸ್ವಲ್ಪ ತಡೆದು, "ಕೂತ್ಕೊಳ್ಳಿ. ನಿಂತಿದ್ರೆ ಬೆಳಕಿಗೆ ಅಡ್ಡ" ಎಂದರು.

ಕೂತೆ. ಈಗಲೂ ಅಲ್ಲೇ ಕೂತು ಬರೆಯುತ್ತಿದ್ದೇನೆ. ಥರ್ಮನ್ ಮಲಗಿದ್ದಾನೆ. ನನಗೆ ಅವನ ಹಾಸಿಗೆಯ ಕೊನೆ ಕಾಣುತ್ತದೆ, ಅಲ್ಲಿ ಅವನ ಪಾದಗಳ ಮೇಲಿನ ಬಿಳಿ ಹೊದಿಕೆ. ಉಸಿರು ಕೇಳಿಸುತ್ತದೆ.

ಅಪ್ಪ


ಎಡ್ವಿನ್ ಹೋಲ್ಟ್, ಟೂ ಹಾರ್ಬರ್ಸ್ ಬಂದರು
ನವೆಂಬರ್ 18, 1984

ಅಪ್ಪಾ,

ಆಟ ನೋಡಿಕೊಂಡು ನಿನ್ನ ಊರಿಂದ ಬಸ್ಸಿನಲ್ಲಿ ವಾಪಸು ಬರುವಾಗ ಉದ್ದಕ್ಕೂ ಹಿಮ ಬೀಳುತ್ತಿತ್ತು. ನಿನ್ನ ಪಕ್ಕದಲ್ಲಿ ಪ್ರೇಕ್ಷಕರ ಮೆಟ್ಟಿಲ ಮೇಲೆ ಕೂತದ್ದು ನಿಜವೇ, ನಿದ್ದೆಯಲ್ಲಿ ಕಂಡದ್ದೇ ಎಂದು ಎಷ್ಟೋ ಸಲ ಅನ್ನಿಸಿತು. ಒಂದೇ ಕಂಬಳಿ, ಒಂದೇ ಫ್ಲಾಸ್ಕು. ಜೀವಮಾನವಿಡೀ ನೀನು ಗೆರೆಯ ಆಚೆ ಇದ್ದೆ, ನಾನು ಅಮ್ಮನ ಜೊತೆ ಈಚೆ. ಅಲ್ಲಿ ಕೂತು ನೋಡುವುದು ಹೇಗೆಂದೇ ನಿನಗೆ ತಿಳಿಯಲಿಲ್ಲ, ಕೈ ಎಲ್ಲಿಡಬೇಕೆಂದೂ.

"ಚೆಂಡು ನೋಡ್ಬೇಡ" ಎಂದೆ ನೀನು. "ಎಲ್ರೂ ಅದನ್ನೇ ನೋಡ್ತಾರೆ. ಡ್ವೇನ್ ಏನ್ ಮಾಡ್ತಿದ್ದಾನೆ ಹೇಳು."

"ಬಿದ್ದಿದ್ದಾನೆ."

"ಎಲ್ಲಿ?"

"ಇನ್ನಿಬ್ಬರ ಮೇಲೆ."

"ಹಂಗಾದ್ರೆ ಬಿದ್ದಿಲ್ಲ. ಕೆಲಸ ಮಾಡ್ತಿದ್ದಾನೆ."

ಬಾಲ್ಯವಿಡೀ ಎಷ್ಟು ಆಟ ನೋಡಿದ್ದೇನೆ, ಆ ಐವರು ಮೊದಲ ಸಲ ಕಂಡರು. ಸಾಲು ಒಡೆಯದೆ, ಯಾರನ್ನೂ ಒಳಗೆ ಬಿಡದೆ, ಅಂಗುಲ ಅಂಗುಲವಾಗಿ ಹಿಂದೆ ಸರಿಯುವುದೂ ಒಂದು ವಿದ್ಯೆಯೆಂದು ನನಗೆ ಗೊತ್ತಿರಲಿಲ್ಲ. ಮೇಲಿಂದ ಹಿಮ, ಕೆಳಗೆ ಅವರ ಬೆನ್ನಿನಿಂದ ಏಳುವ ಹಬೆ. ಎಸೆಯುವವನು ಅದರ ಹಿಂದೆ ತನ್ನ ಮನೆಯೊಳಗೆ ನಿಂತವನಂತೆ ನಿಂತಿದ್ದ. ಥರ್ಮನ್ ನಿಲ್ಲುತ್ತಿದ್ದ ಜಾಗದಲ್ಲಿ ಬೇರೆ ಹುಡುಗ.

ನಮ್ಮ ಹಿಂದಿನ ಮೆಟ್ಟಿಲಲ್ಲಿ ಒಬ್ಬ ಜೊತೆಯವನಿಗೆ ಹೇಳಿದ: "ಆ ಹುಡುಗನ ತಲೆ ಹಾಳ್ಮಾಡಿದ ಕುರುಡ ಇವನೇ." ನಾನು ಏಳಲು ಹೋದೆ, ನೀನು ನನ್ನ ತೋಳು ಹಿಡಿದೆ. "ಬಿಡು. ಸುಳ್ಳೇನಲ್ಲ" ಎಂದೆ. ಆ ಹಿಡಿತ ನನ್ನ ತೋಳಿನಲ್ಲಿ ಇನ್ನೂ ಇದೆ.

ಸೋತಿರಿ. ಲೈಲ್ ಬ್ರೆಕ್ ನಿನ್ನ ಮುಂದೆ ಬಂದು ನಿಂತು, ಕೈ ಕುಲುಕಿ, ಪಶ್ಚಿಮಕ್ಕೆ ಹೊರಟಿದ್ದೇನೆ ಎಂದ. ನೀನು ಅವನಿಗೆ ಹೇಳಿದ್ದಿಷ್ಟೇ: "ಅಲ್ಲಿ ಯಾರನ್ನಾದ್ರೂ ಇಟ್ಕೋ, ಹುಡುಗರ ಮುಖ ನೋಡೋವನನ್ನ."

ಬಸ್ ನಿಲ್ದಾಣದಲ್ಲಿ ನಾನು ಕೇಳಿದ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. ಅವಸರವಿಲ್ಲ. ಆದರೆ ಮತ್ತೆ ಕೇಳುತ್ತಿದ್ದೇನೆ: ಮಿಲ್ವಾಕಿಗೆ, ಥರ್ಮನ್ ಮನೆಗೆ, ಹೋಗುತ್ತೀಯಾ?

ಐಲಿ


ಮಿಲ್ವಾಕಿ, ವಿಸ್ಕಾನ್ಸಿನ್
ಏಪ್ರಿಲ್ 20, 1985

ಐಲಿ ಮಗಳೇ,

ಇಷ್ಟು ತಿಂಗಳು ಬರೆಯದಿದ್ದಕ್ಕೆ ಬೇಸರಪಟ್ಟುಕೊಳ್ಳಬೇಡ. ಹೇಳುವಂಥದ್ದು ಆಗಲಿ ಎಂದು ಕಾಯುತ್ತಿದ್ದೆ.

ಜನವರಿಯಲ್ಲಿ ಇಲ್ಲಿಗೆ ಬಂದೆ. ಒಡೆಸ್ಸಾ ಬಾಗಿಲು ತೆರೆದು, "ಬಂದ್ರಾ" ಎಂದಷ್ಟೇ ಹೇಳಿ ಅಡುಗೆಮನೆಗೆ ಕರೆದುಕೊಂಡು ಹೋದರು. ಥರ್ಮನ್ ಕೋಣೆಯಿಂದ ಹೊರಗೆ ಬರಲಿಲ್ಲ. ಅಲಸಂದೆ, ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು ಬಡಿಸಿದರು. ಮೂರನೆಯ ತಟ್ಟೆ ಹಾಗೇ ತಣ್ಣಗಾಯಿತು. ಹೊರಡುವಾಗ, ಬರಬೇಡಿ ಎನ್ನಲಿಲ್ಲ. ಹಾಗಾಗಿ ಎರಡು ಬೀದಿಯಾಚೆ ಚಪ್ಪಲಿ ಹೊಲಿಯುವ ಪೋಲಿಷ್ ಮುದುಕನೊಬ್ಬನ ಅಂಗಡಿಯ ಮೇಲೆ ಕೋಣೆ ಹಿಡಿದೆ. ಪ್ರತಿ ಭಾನುವಾರ ಅವರು ಚರ್ಚಿನಿಂದ ಬಂದ ಮೇಲೆ ಹೋಗುತ್ತಿದ್ದೆ. ಗೋಡೆಯಾಚೆ ಥರ್ಮನ್ ನಡೆದಾಡುವುದು ಕೇಳಿಸುತ್ತಿತ್ತು. ಒಂದು ಭಾನುವಾರ ಅವನು ಕುರ್ಚಿ ಎತ್ತಿ ಎಸೆದ. ಒಡೆಸ್ಸಾ ಸೌಟು ಕೆಳಗಿಡದೆ, "ಅದು ನಿಮಗಲ್ಲ, ಕುರ್ಚಿಗೆ" ಎಂದರು.

ಹಿಮ ಕರಗುವ ಹೊತ್ತಿಗೆ ಒಂದು ದಿನ ಬಂದು ಎದುರಿಗೆ ಕೂತ.

"ಎಷ್ಟು... ಕಾಣುತ್ತೆ ನಿಮಗೆ?"

"ನಿನ್ನ ಕಿವಿ."

"ಯಾವ ಕಿವಿ?"

"ಎಡಗಿವಿ."

ಆಚೆ ತಿರುಗಿಕೊಂಡ. ಬಹುಶಃ ಬಲಗಿವಿ ತೋರಿಸಿದ. ನಾನು ನಕ್ಕೆ, ಅವನು ನಗಲಿಲ್ಲ.

ಅವನಿಗೆ ಪದಗಳು ತಡವಾಗಿ ಬರುತ್ತವೆ, ದೂರದ ಬಾವಿಯಿಂದ ಸೇದಿದ ಹಾಗೆ. ದಿನವೂ ಓದಬೇಕು, ಬರೆಯಬೇಕು ಎಂದಿದ್ದಾರೆ ಡಾಕ್ಟರು. ನನಗೆ ಪತ್ರಿಕೆ ಓದಿ ಹೇಳುವವರು ಬೇಕು. ಯಾರೂ ಯಾರನ್ನೂ ಕೇಳಲಿಲ್ಲ, ಓದಲು ಶುರು ಮಾಡಿದ. ಪದವೊಂದು ಸಿಕ್ಕದೆ ಅವನು ನಿಂತಾಗ ನಾನು ತುಂಬುವುದಿಲ್ಲ. ಆ ಮೌನದಲ್ಲಿ ಹಬೆಯ ಕೆಟಲು ಕೇಳಿಸುತ್ತದೆ, ಬೀದಿಯ ಮಕ್ಕಳು, ಎಲ್ಲೋ ಒಂದು ರೈಲು. ಹಾಗೆ ಕೂತಿರುವಾಗ ನಾನೆಲ್ಲಿದ್ದೇನೆ ಎನ್ನುವುದು ಮರೆತುಹೋಗುತ್ತದೆ. ಆಮೇಲೆ ಪದ ಬರುತ್ತದೆ.

ಕಳೆದ ಭಾನುವಾರ ಊಟದ ನಡುವೆ ಹೇಳಿದ:

"ಅವತ್ತು ಚೆನ್ನಾಗಿದ್ದೀನಿ ಅಂದೆ. ತಲೆ ಸಿಡೀತಿತ್ತು. ಆಟದಿಂದ ತೆಗೀತೀರಿ ಅಂತ... ಹೇಳ್ಲಿಲ್ಲ."

"ಗೊತ್ತು."

"ನೀವೂ ಹೇಳ್ಲಿಲ್ಲ."

"ಇಲ್ಲ. ಹೇಳೋದು ನನ್ನ ಕೆಲಸ, ನಿನ್ನದಲ್ಲ."

ಯೋಚನೆ ಮಾಡಿದ. "ಹೌದು. ನಿಮ್ಮದೇ" ಎಂದು ಬ್ರೆಡ್ಡಿನ ತಟ್ಟೆ ನನ್ನ ಕಡೆ ನೂಕಿದ. ಒಡೆಸ್ಸಾ ಎದ್ದು ಹೋಗಿ ನಲ್ಲಿ ಬಿಟ್ಟರು, ಬಹಳ ಹೊತ್ತು ನೀರು ಹರಿಯಿತು.

ನನಗೆ ಈ ಸಲ ಸೀಸನ್ ಇಲ್ಲ. ಆಗಸ್ಟ್ ಬಂದರೆ ಎಲ್ಲಿಗೂ ಹೋಗಬೇಕಿಲ್ಲ. ಪೆಟ್ಟಿಗೆಗಳನ್ನೆಲ್ಲ ಬಿಚ್ಚಿದ್ದೇನೆ, ನಿನ್ನ ಅಮ್ಮನಿಗೆ ಹೇಳು. ಮಂಜುಗಡ್ಡೆ ಒಡೆದು ಹಡಗುಗಳು ಓಡುತ್ತಿವೆ ಎಂದು ಪತ್ರಿಕೆಯಲ್ಲಿ ಬಂದಿದೆ. ಈ ಕಡೆ ಬಂದರೆ ತಿಳಿಸು.

ಅಪ್ಪ

ಐಲಿ ಅವರಿಗೆ: ನಿಮ್ಮ ಅಪ್ಪ ಹೇಳಿದ್ದನ್ನು ಕೇಳಿ ಇದನ್ನು ಬರೆದದ್ದು ನಾನು. ಬೆಳಿಗ್ಗೆ ಶುರು ಮಾಡಿದೆ, ಈಗ ಸಂಜೆಯಾಯಿತು. ನಿಮ್ಮ ಅಪ್ಪ ತುಂಬ ಮಾತಾಡುತ್ತಾರೆ. ಕುರ್ಚಿ ಎಸೆದದ್ದನ್ನು ಬಿಟ್ಟುಬಿಡು ಎಂದರು, ನಾನು ಬಿಡಲಿಲ್ಲ. ನನಗೆ ಇನ್ನೂ ಕೆಲವು ದಿನ ಅವರ ಮೇಲೆ ಸಿಟ್ಟು ಬರುತ್ತದೆ, ಅದನ್ನೂ ಬರೆಯಲು ಹೇಳಿದರು. ಈಗ ಸರೋವರದ ದಂಡೆಯಲ್ಲಿದ್ದೇವೆ. ದೂರದಲ್ಲಿ ಏನೋ ತೋರಿಸಿ, ಅದು ನನ್ನ ಮಗಳ ಹಡಗಿರಬೇಕು ಎಂದರು. ಹಡಗಲ್ಲ, ಮೋಡ ಎಂದೆ. "ಹಂಗಾದ್ರೆ ಕೂತ್ಕೋ, ಕಾಯೋಣ" ಎಂದರು. ಕೂತಿದ್ದೇವೆ.

ಥರ್ಮನ್ ಪ್ರೂಯಿಟ್